ಕಚೇರಿಯಲ್ಲಿ ಒಲಿದ ಹಾಡು

(ದತ್ತಿ ಉಪನ್ಯಾಸದ ಮುದ್ರಿತ ರೂಪ)



ಸಂಗೀತದ ದತ್ತಿ ಉಪನ್ಯಾಸವೆಂದರೆ ರಾಗಲಕ್ಷಣವನ್ನೋ ವಾಗ್ಗೇಯಕಾರರ ಚರಿತ್ರೆಯನ್ನೋ ಕುರಿತು ಮಾತಾಡುವುದು ವಾಡಿಕೆ. ಅದಕ್ಕೆ ನನಗಿಂತ ಅರ್ಹರಾದವರು ಇದೇ ಸಭೆಯಲ್ಲಿ ಕುಳಿತಿದ್ದಾರೆ. ನಾನು ವೇದಿಕೆಯವನಲ್ಲ, ಕೆಳಗೆ ಕೂತು ಕೇಳುವವನು. ಹಾಗಾಗಿ ಕೇಳುವವರ ಕಡೆಯ ಒಂದು ಪ್ರಶ್ನೆಯನ್ನಷ್ಟೇ ಎತ್ತಿಕೊಂಡಿದ್ದೇನೆ.

ಕಚೇರಿಗೆ ಹೋಗುತ್ತೇವೆ. ಹತ್ತು ಹನ್ನೆರಡು ರಚನೆಗಳನ್ನು ಹಾಡುತ್ತಾರೆ. ಎಲ್ಲವೂ ಚೆನ್ನಾಗಿಯೇ ಇರುತ್ತವೆ. ಆದರೆ ಅವುಗಳಲ್ಲಿ ಒಂದರ ಮೇಲೆ ಮಾತ್ರ ಇದ್ದಕ್ಕಿದ್ದಂತೆ ಮನಸ್ಸು ಬಿದ್ದುಬಿಡುತ್ತದೆ. ಬಸ್ಸಿನಲ್ಲಿ ಮನೆಗೆ ಬರುವಾಗ ಬಾಯಲ್ಲಿ ಅದೊಂದೇ. ವಾರ ಕಳೆದರೂ ಬಿಡುವುದಿಲ್ಲ. ಇದು ಹೇಗೆ ಆಗುತ್ತದೆ? ಇದರಲ್ಲಿ ಹಾಡಿನ ಪಾಲೆಷ್ಟು, ಹಾಡಿದವರ ಪಾಲೆಷ್ಟು, ಸುತ್ತ ಕೂತಿದ್ದವರ ಪಾಲೆಷ್ಟು?

1

ಹಾಡೊಂದು ಕಿವಿಗೆ ಬಿದ್ದು ಮನಸ್ಸು ಕಲಕಿದ ಪ್ರಸಂಗಗಳಲ್ಲಿ ಬಹಳ ಹಳೆಯದೊಂದು ಕಾಳಿದಾಸನ ಶಾಕುಂತಲದಲ್ಲಿದೆ. ಬಸವಪ್ಪ ಶಾಸ್ತ್ರಿಗಳ ಅನುವಾದದಿಂದಾಗಿ ಆ ನಾಟಕ ಕನ್ನಡ ರಂಗಭೂಮಿಗೂ ಆಪ್ತವಾದದ್ದು. ಐದನೆಯ ಅಂಕದ ಆರಂಭದಲ್ಲಿ ದುಷ್ಯಂತ ವಿದೂಷಕನೊಡನೆ ಕುಳಿತಿದ್ದಾನೆ. ಒಳಗೆ ಸಂಗೀತಶಾಲೆಯಲ್ಲಿ ಅವನ ರಾಣಿಯರಲ್ಲೊಬ್ಬಳಾದ ಹಂಸಪದಿಕೆ ಹಾಡುತ್ತಿದ್ದಾಳೆ. ಅದು ದೊರೆಯನ್ನು ಚುಚ್ಚುವುದಕ್ಕೆಂದೇ ಹಾಡಿದ ಹಾಡು. ಮಾವಿನ ಹೂವನ್ನು ಮರೆತು ತಾವರೆಯಲ್ಲಿ ತಂಗಿದ ದುಂಬಿಯ ನೆಪದಲ್ಲಿ ಅವನ ಚಂಚಲತೆಯನ್ನು ಆಡಿಕೊಳ್ಳುತ್ತದೆ. ದೊರೆಗೆ ಅದು ತಿಳಿಯುತ್ತದೆ. ಸಮಾಧಾನ ಹೇಳಿ ಬಾ ಎಂದು ವಿದೂಷಕನನ್ನು ಕಳಿಸುತ್ತಾನೆ. ತಳಮಳ ಶುರುವಾಗುವುದು ಅವನು ಒಬ್ಬನೇ ಉಳಿದಾಗ. ಪ್ರಿಯರಾದವರು ಯಾರೂ ದೂರವಾಗಿಲ್ಲ, ಆದರೂ ಯಾಕೆ ಹೀಗೆ ಎಂದು ಕೇಳಿಕೊಳ್ಳುತ್ತಾನೆ. ಹಿಂದಿನ ಜನ್ಮದ ಯಾವುದೋ ನಂಟು ಗೊತ್ತಿಲ್ಲದೆಯೇ ನೆನಪಾಗಿರಬೇಕು ಎಂದುಕೊಳ್ಳುತ್ತಾನೆ. ಶಾಪದಿಂದಾಗಿ ಅವನು ಶಕುಂತಲೆಯನ್ನು ಮರೆತಿರುವುದು ನೋಡುತ್ತಿರುವ ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ.

ಇಲ್ಲಿ ಎರಡು ವಿಷಯಗಳನ್ನು ಗಮನಿಸಬೇಕು. ಹಾಡಿನ ಅರ್ಥ ದುಷ್ಯಂತನಿಗೆ ತಕ್ಷಣ ಆಯಿತು, ಅದಕ್ಕೆ ಮಾಡಬೇಕಾದದ್ದನ್ನು ಮಾಡಿಯೂ ಆಯಿತು. ನಾದದ ಕೆಲಸ ಮಾತ್ರ ಆಮೇಲೆ ಶುರುವಾಯಿತು. ಇನ್ನೊಂದು, ಅವನು ಆ ಹಾಡನ್ನು ಹಾಡು ಎಂದು ಯಾರಿಗೂ ಹೇಳಿರಲಿಲ್ಲ. ಅಪ್ಪಣೆ ಮಾಡಿ ಹಾಡಿಸಿಕೊಳ್ಳಬಲ್ಲ ದೊರೆಯನ್ನು ಅಲುಗಾಡಿಸಿದ್ದು ಅವನು ಅಪ್ಪಣೆ ಮಾಡದೆ ಇದ್ದ ಹಾಡು. ಇವತ್ತು ನಾನು ಹೇಳಬೇಕೆಂದಿರುವುದರ ತಿರುಳು ಇದೇ. ನಮಗೆ ಗಾಢವಾಗಿ ಒಲಿಯುವ ಹಾಡು ಸಾಮಾನ್ಯವಾಗಿ ನಾವು ಆರಿಸಿಕೊಂಡದ್ದಾಗಿರುವುದಿಲ್ಲ. ಆರಿಸಿಕೊಳ್ಳದ್ದಕ್ಕೆ ನಮ್ಮನ್ನು ಸಿದ್ಧಮಾಡುವ ಏರ್ಪಾಡಿಗೆ ಕಚೇರಿ ಎನ್ನುತ್ತೇವೆ.

2

ಇದಕ್ಕೆ ಒಂದು ಆಕ್ಷೇಪ ಬರುತ್ತದೆ, ಅದನ್ನು ಮೊದಲೇ ಎದುರಿಸಿಬಿಡುತ್ತೇನೆ. ನಮ್ಮ ನಾಡಿನ ಸಂಗೀತದ ಅತ್ಯಂತ ಪ್ರಸಿದ್ಧ ಪ್ರೇಮಪ್ರಸಂಗ ನಡೆದದ್ದು ಕಚೇರಿಯಲ್ಲಲ್ಲ, ಗ್ರಾಮಫೋನ್ ತಟ್ಟೆಯ ಮುಂದೆ. ಗದಗಿನ ಹುಡುಗ ಭೀಮಸೇನ ಜೋಶಿ ಅಂಗಡಿಯೊಂದರಲ್ಲಿ ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮ್ರಿಯ ಮುದ್ರಿಕೆ ಕೇಳಿ, ಹಾಡಿದರೆ ಹೀಗೆ ಹಾಡಬೇಕು ಎಂದುಕೊಂಡು, 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ ಮನೆ ಬಿಟ್ಟದ್ದು ಎಲ್ಲರಿಗೂ ಗೊತ್ತಿರುವ ಕಥೆ. ಹಾಗಾದರೆ ಕಚೇರಿಯೇ ಆಗಬೇಕೆಂದೇನು?

ಕಥೆಯನ್ನು ಇನ್ನೊಂದು ಸಲ ನೋಡೋಣ. ಆ ತಟ್ಟೆಯನ್ನು ಹಾಕಿದ್ದು ಅಂಗಡಿಯವನು. ಹುಡುಗನ ಪಾಲಿಗೆ ಅದೂ ತಾನಾಗಿ ಕಿವಿಗೆ ಬಿದ್ದ ಹಾಡೇ. ಆ ಕಾಲದ 78 ಸುತ್ತಿನ ತಟ್ಟೆಯ ಒಂದು ಮುಖಕ್ಕೆ ಹಿಡಿಸುತ್ತಿದ್ದದ್ದು ಸುಮಾರು ಮೂರು ನಿಮಿಷದ ಸಂಗೀತ. ಆ ಮೂರು ನಿಮಿಷ ಅವನನ್ನು ತಣಿಸಲಿಲ್ಲ, ಓಡಿಸಿತು. ಗ್ವಾಲಿಯರ್, ಕಲ್ಕತ್ತ, ಜಲಂಧರ್ ಎಂದು ಊರೂರು ಅಲೆದ. ನಿನಗೆ ಬೇಕಾದ ಗುರು ನಿಮ್ಮ ಕಡೆಯೇ ಇದ್ದಾರಲ್ಲ ಎಂದು ಜಲಂಧರದಲ್ಲಿ ವಿನಾಯಕರಾವ್ ಪಟವರ್ಧನರು ಹೇಳಿದ ಮೇಲೆ ಹಿಂದಿರುಗಿದ. ಕುಂದಗೋಳದಲ್ಲಿ ಸವಾಯಿ ಗಂಧರ್ವರ, ಎಂದರೆ ಅದೇ ಅಬ್ದುಲ್ ಕರೀಂ ಖಾನರ ಶಿಷ್ಯರ ಮುಂದೆ ಕೂತು ಕಲಿತ. ತಟ್ಟೆಯಲ್ಲಿ ಕೇಳಿದ್ದನ್ನು ಎದುರಿಗೆ ಉಸಿರಾಡುವ ಒಬ್ಬ ಮನುಷ್ಯನ ಗಂಟಲಲ್ಲಿ ಹುಡುಕಿಕೊಂಡು ಹೋದ ಕಥೆ ಇದು. ಮುದ್ರಿಕೆಯ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಅದು ತೋರಿಸಿದ ದಾರಿಯ ಕೊನೆಯಲ್ಲಿ ಗುರುವಿನ ಮನೆ ಇತ್ತು ಎನ್ನುವುದಷ್ಟೇ ನನ್ನ ಮಾತು.

3

ಈಗ ಕಚೇರಿಗೆ ಬರೋಣ. ಯಾವ ಹಾಡು ನಮ್ಮನ್ನು ಹಿಡಿಯುತ್ತದೆ ಎನ್ನುವುದಕ್ಕೂ ಅದನ್ನು ಯಾವ ಹೊತ್ತಿನಲ್ಲಿ ಹಾಡಿದರು ಎನ್ನುವುದಕ್ಕೂ ನಿಕಟ ಸಂಬಂಧವಿದೆ. ಕರ್ನಾಟಕ ಸಂಗೀತದಲ್ಲಿ ಈಗ ನಾವು ಕೇಳುವ ಕಚೇರಿಯ ಕ್ರಮ ಬಹುಮಟ್ಟಿಗೆ ಅರಿಯಾಕುಡಿ ರಾಮಾನುಜ ಅಯ್ಯಂಗಾರ್ಯರು (1890–1967) ರೂಢಿಗೆ ತಂದದ್ದು. ಮೊದಲಿಗೆ ವರ್ಣ, ಚುರುಕಾದ ಒಂದೆರಡು ಕೃತಿ. ನಡುವೆ ವಿಸ್ತಾರವಾದ ಮುಖ್ಯ ಕೃತಿ, ತನಿ ಆವರ್ತನ, ಅವಕಾಶವಿದ್ದರೆ ರಾಗ ತಾನ ಪಲ್ಲವಿ. ಕೊನೆಗೆ ಪದ, ಜಾವಳಿ, ದೇವರನಾಮದಂಥ ತುಕ್ಕಡಗಳು. ಈ ಕ್ರಮವನ್ನು ವಿದ್ವಾಂಸರ ಅನುಕೂಲಕ್ಕೆ ಮಾಡಿದ್ದು ಎಂದುಕೊಳ್ಳುತ್ತೇವೆ. ಕೇಳುಗನ ಕಿವಿಯನ್ನು ಹದಮಾಡುವ ಕ್ರಮವೂ ಇದೇ. ವರ್ಣದ ಹೊತ್ತಿಗೆ ನಮ್ಮ ತಲೆಯಲ್ಲಿ ಇನ್ನೂ ಆಫೀಸು ಇರುತ್ತದೆ, ಸ್ಕೂಟರ್ ನಿಲ್ಲಿಸಿದ ಜಾಗ ಇರುತ್ತದೆ. ಎರಡು ಗಂಟೆ ಒಂದೇ ಶ್ರುತಿಯಲ್ಲಿ ಕೂತ ಮೇಲೆ ಅದೆಲ್ಲ ಕಳಚಿಕೊಳ್ಳುತ್ತದೆ. ತನಿ ಮುಗಿದು ಚಪ್ಪಾಳೆ ಅಡಗಿದ ಮೇಲೆ ಬರುವ ಪುಟ್ಟ ದೇವರನಾಮ ಅಷ್ಟು ಆಳಕ್ಕೆ ಇಳಿಯುವುದಕ್ಕೆ ಅದರ ಹಿಂದಿನ ಎರಡು ಗಂಟೆಯೂ ಕಾರಣ. ಅದೇ ಹಾಡನ್ನು ಮೊದಲಿಗೇ ಹಾಡಿದ್ದರೆ ಚೆನ್ನಾಗಿದೆ ಎಂದು ತಲೆದೂಗಿ ಮರೆಯುತ್ತಿದ್ದೆವು.

ದೇವರನಾಮಕ್ಕೆ ಕಚೇರಿಯಲ್ಲಿ ಗೌರವದ ಜಾಗ ಸುಮ್ಮನೆ ಸಿಗಲಿಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು. ಮೈಸೂರು ಆಸ್ಥಾನದ ಬಿಡಾರಂ ಕೃಷ್ಣಪ್ಪನವರು (1866–1931) ಕನ್ನಡ ದೇವರನಾಮಗಳನ್ನು ಶಾಸ್ತ್ರೀಯ ಘನತೆಯಿಂದ ಕಚೇರಿಯಲ್ಲಿ ಹಾಡಿ ಜನರ ಮನಸ್ಸಿಗೆ ಹತ್ತಿಸಿದರು. ಅವರ ಶಿಷ್ಯ ಚೌಡಯ್ಯನವರು ಪಿಟೀಲಿಗೆ ಏಳು ತಂತಿ ಕಟ್ಟಿದ್ದು ದೊಡ್ಡ ಸಭೆಯಲ್ಲಿ ಹಿಂದೆ ಕೂತವರಿಗೂ ನಾದ ಮುಟ್ಟಲೆಂದು. ಮೈಕು ಬರುವ ಮುನ್ನ ಹಾಡುವವರೂ ಏರುಶ್ರುತಿಯಲ್ಲಿ ಗಂಟಲು ತೆರೆದು ಹಾಡಬೇಕಿತ್ತು. ಮೈಕು ಬಂದ ಮೇಲೆ ಮಂದ್ರದ ಒಂದು ಸಣ್ಣ ಗಮಕವೂ ಕೊನೆಯ ಸಾಲಿಗೆ ತಲುಪುವಂತಾಯಿತು. ಹಿಂದೆ ಮುಂದಿನ ಸಾಲಿನವರ ಪಾಲಿಗೆ ಮಾತ್ರ ಒಲಿಯಬಹುದಾಗಿದ್ದ ಹಾಡುಗಳು ಆಮೇಲೆ ಎಲ್ಲರಿಗೂ ಒಲಿಯತೊಡಗಿದವು. ಪ್ರೇಮಕ್ಕೂ ಯಂತ್ರಕ್ಕೂ ಇಷ್ಟು ಸಂಬಂಧ ಉಂಟು.

4

ಒಂದೇ ಒಂದು ಹಾಡನ್ನು ಹತ್ತಿರದಿಂದ ನೋಡೋಣ. ವ್ಯಾಸರಾಯರ (1460–1539) ‘ಕೃಷ್ಣಾ ನೀ ಬೇಗನೆ ಬಾರೋ’. ಯಮುನಾಕಲ್ಯಾಣಿ ರಾಗ, ಮಿಶ್ರಛಾಪು ತಾಳ. ತಾಯಿ ಮಗುವನ್ನು ಕರೆಯುತ್ತಾಳೆ. ಚರಣಗಳಲ್ಲಿ ಕಾಲಿನ ಆಭರಣದಿಂದ ಕೊರಳಿನ ವೈಜಯಂತಿಮಾಲೆಯವರೆಗೆ ಮಗುವಿನ ಅಲಂಕಾರ ಬರುತ್ತದೆ. ಕೊನೆಗೆ ಬಾಯಿಯೊಳಗೆ ಜಗತ್ತನ್ನೇ ತೋರಿದವನು ಈ ಮಗು, ಉಡುಪಿಯ ಕೃಷ್ಣ, ಎಂಬಲ್ಲಿಗೆ ಮುಟ್ಟುತ್ತದೆ. ಪ್ರತಿ ಚರಣದ ಕೊನೆಗೂ ಅದೇ ಕರೆ.

ಈ ಮರುಕಳಿಕೆಯಲ್ಲಿ ಗುಟ್ಟಿದೆ. ಪರಿಚಯವಾದದ್ದು ಇಷ್ಟವಾಗುತ್ತದೆ ಎಂದು ಮನಶ್ಶಾಸ್ತ್ರಜ್ಞ ರಾಬರ್ಟ್ ಝಾಯಂಕ್ 1968ರಲ್ಲಿ ಪ್ರಯೋಗಗಳ ಮೂಲಕ ತೋರಿಸಿದರು. ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ವ್ಯಾಲರಿ ಸಲಿಂಪೂರ್, ರಾಬರ್ಟ್ ಝಟೋರೆ ಮತ್ತು ಸಂಗಡಿಗರು 2011ರಲ್ಲಿ ಇನ್ನೊಂದು ವಿಷಯ ಕಂಡರು. ಸಂಗೀತ ಕೇಳಿ ರೋಮಾಂಚನವಾದಾಗ ಮಿದುಳಿನಲ್ಲಿ ಡೋಪಮೀನ್ ಬಿಡುಗಡೆಯಾಗುತ್ತದೆ. ಆ ಗಳಿಗೆಯಲ್ಲಷ್ಟೇ ಅಲ್ಲ, ಅದು ಇನ್ನೇನು ಬರಲಿದೆ ಎಂದು ಕಾಯುವಾಗಲೇ ಬೇರೊಂದು ಭಾಗದಲ್ಲಿ ಬಿಡುಗಡೆಯಾಗಿರುತ್ತದೆ. ಆದರೆ ಆ ಪ್ರಯೋಗಕ್ಕೆ ಬಂದವರು ತಮಗೆ ಮೊದಲೇ ಇಷ್ಟವಾಗಿದ್ದ ಸಂಗೀತವನ್ನು ತಾವೇ ತಂದಿದ್ದರು. ಹಿಂದೆ ಕೇಳದ ಹಾಡಿಗೆ ಕಾಯುವುದು ಹೇಗೆ?

ಅದಕ್ಕೆ ಉತ್ತರ ನಮ್ಮ ರಚನೆಗಳ ಕಟ್ಟಡದಲ್ಲೇ ಇದೆ. ಪಲ್ಲವಿ ಒಂದು ಸಲ ಬಂದು ಹೋಗುವುದಿಲ್ಲ. ಸಂಗತಿಯ ಮೇಲೆ ಸಂಗತಿಯಾಗಿ ಬೆಳೆಯುತ್ತದೆ, ಅನುಪಲ್ಲವಿಯ ನಂತರ ಮತ್ತೆ ಬರುತ್ತದೆ, ಚರಣವಾದ ಮೇಲೆ ಮತ್ತೊಮ್ಮೆ. ಮೊದಲ ಸಲ ಅಪರಿಚಿತವಾಗಿದ್ದ ಸಾಲು ಎಂಟು ನಿಮಿಷದೊಳಗೆ ಹಳೆಯ ಗೆಳೆತನವಾಗಿರುತ್ತದೆ. ಮೂರನೆಯ ಸಲ ಅದು ಬರುವ ಹೊತ್ತಿಗೆ ನಾವು ಕಾಯುತ್ತಿರುತ್ತೇವೆ. ಹಾಡು ತನ್ನನ್ನು ತಾನೇ ನಮಗೆ ಕಲಿಸಿರುತ್ತದೆ. ಇದರ ಜೊತೆಗೆ ಈ ರಾಗದ್ದೊಂದು ತುಂಟತನವಿದೆ. ಪ್ರತಿಮಧ್ಯಮವನ್ನು ನೆಚ್ಚಿಕೊಂಡು ಸಾಗುತ್ತಿರುವಾಗ ಎಲ್ಲೋ ಒಂದು ಕಡೆ ಶುದ್ಧಮಧ್ಯಮ ಸುಳಿದು ಮಾಯವಾಗುತ್ತದೆ. ಸ್ವರದ ಹೆಸರು ತಿಳಿಯದವರಿಗೂ ಏನೋ ಆಯಿತು ಎಂದು ತಿಳಿಯುತ್ತದೆ. ಮುಂದಿನ ಸಲಕ್ಕೆ ಕಿವಿ ಅದನ್ನೇ ಕಾಯುತ್ತದೆ.

ಕನ್ನಡ ಬಾರದವರನ್ನೂ ಈ ಹಾಡು ಗೆದ್ದದ್ದು ವೇದಿಕೆಯ ಮೇಲೆಯೇ. ಮದರಾಸಿನ ಬಾಲಸರಸ್ವತಿಯವರು (1918–1984), ವೀಣೆ ಧನಮ್ಮಾಳ್ ಅವರ ಮೊಮ್ಮಗಳು, ಇದಕ್ಕೆ ಅಭಿನಯ ಮಾಡುತ್ತಿದ್ದರು. ಕರೆ ಒಂದೇ, ಅದನ್ನು ಮುದ್ದಿನಿಂದ, ಹುಸಿಮುನಿಸಿನಿಂದ, ಬೆದರಿಕೆಯಿಂದ, ಕಡೆಗೆ ಬೇಡಿಕೆಯಿಂದ ಕರೆಯುತ್ತಿದ್ದರು. ಅವರ ಕುಣಿತವನ್ನು 1930ರ ದಶಕದಲ್ಲಿ ಕಲ್ಕತ್ತದಲ್ಲಿ ನೋಡಿದ ಹುಡುಗರಲ್ಲಿ ಸತ್ಯಜಿತ್ ರಾಯ್ ಒಬ್ಬರು. ನಾಲ್ಕು ದಶಕಗಳ ನಂತರ, 1976ರಲ್ಲಿ, ಅವರು ‘ಬಾಲಾ’ ಎಂಬ ಸಾಕ್ಷ್ಯಚಿತ್ರ ಮಾಡಿದರು. ಅದರಲ್ಲಿ ಬಾಲಸರಸ್ವತಿ ಸಮುದ್ರದ ದಂಡೆಯಲ್ಲಿ ನಿಂತು ಅಭಿನಯಿಸುವುದು ಇದೇ ಹಾಡನ್ನು. ಗಾಳಿಗೆ ಸೀರೆ ಹಾರುತ್ತದೆ, ಹಿಂದೆ ಅಲೆ. ಐನೂರು ವರ್ಷ ಹಿಂದಿನ ಕನ್ನಡ ಯತಿಯೊಬ್ಬರ ಪದವನ್ನು ತಮಿಳು ಕಲಾವಿದೆ ಅಭಿನಯಿಸುತ್ತಾರೆ, ಬಂಗಾಳಿ ನಿರ್ದೇಶಕ ಚಿತ್ರಿಸುತ್ತಾರೆ. ಆ ಹುಡುಗನಿಗೆ ಅಂದು ಸಭೆಯಲ್ಲಿ ಹತ್ತಿದ ಬೆರಗು ನಲವತ್ತು ವರ್ಷ ಕೆಲಸ ಮಾಡಿತ್ತು.

5

ನನ್ನ ಸ್ವಂತದ ಮಾತನ್ನು ಚಿಕ್ಕದಾಗಿ ಹೇಳುತ್ತೇನೆ. ಇದೇ ಹಾಡು ನನಗೂ ಒಲಿದದ್ದು ಕಚೇರಿಯಲ್ಲಿ, ಬೆಂಗಳೂರಿನ ಕೋಟೆ ಹೈಸ್ಕೂಲು ಮೈದಾನದ ರಾಮನವಮಿ ಚಪ್ಪರದಲ್ಲಿ. ಅದಕ್ಕೆ ಮೊದಲು ಮದುವೆಮನೆಗಳಲ್ಲಿ, ಶಾಲೆಯ ವಾರ್ಷಿಕೋತ್ಸವದಲ್ಲಿ, ರೇಡಿಯೊದಲ್ಲಿ ಎಷ್ಟೋ ಸಲ ಕೇಳಿದ್ದೆ. ಪರಿಚಯ ಬೇಕಾದಷ್ಟಿತ್ತು, ಪ್ರೀತಿ ಇರಲಿಲ್ಲ. ಅಂದು ಹಾಡಿದ ವಿದುಷಿ ಎತ್ತಿಕೊಂಡ ಕಾಲವೇ ಬೇರೆ, ತುಂಬ ವಿಳಂಬ. ಮೃದಂಗದವರು ನುಡಿಸುವುದಕ್ಕಿಂತ ಬಿಡುವುದೇ ಹೆಚ್ಚಾಗಿತ್ತು. ಎರಡನೆಯ ಚರಣವಾಗಿ ಪಲ್ಲವಿಗೆ ಬಂದಾಗ ಆಕೆ ಹೆಸರು ಹಿಡಿದು ಕರೆದು, ಮುಂದಿನದನ್ನು ಹಾಡದೆ ಪಿಟೀಲಿಗೆ ಬಿಟ್ಟುಬಿಟ್ಟರು. ಹೊರಗೆ ಚಾಮರಾಜಪೇಟೆಯ ಬಸ್ಸುಗಳ ಹಾರನ್ನು. ನನ್ನ ಪಕ್ಕದ ಹಿರಿಯರೊಬ್ಬರು ತೊಡೆಯ ಮೇಲೆ ತಾಳ ಹಾಕುತ್ತಿದ್ದ ಕೈಯನ್ನು ಎತ್ತಿ ‘ಆಹಾ’ ಎಂದರು. ಅದು ವೇದಿಕೆಗೆ ಮುಟ್ಟಿರಬೇಕು. ಮುಂದಿನ ಸಲ ಆಕೆ ಇನ್ನೂ ಸ್ವಲ್ಪ ಹೆಚ್ಚು ಹೊತ್ತು ಬಿಟ್ಟರು.

ಆಮೇಲೆ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಕ್ಯಾಸೆಟ್ಟು ಹುಡುಕಿದೆ. ದೊಡ್ಡ ದೊಡ್ಡವರ ಹಾಡುಗಾರಿಕೆ ಸಿಕ್ಕಿತು, ಆ ವಿದುಷಿಯದೇ ಸಿಕ್ಕಿತು. ಎಲ್ಲವೂ ಸೊಗಸು, ಆ ಬಿಡುವು ಮಾತ್ರ ಯಾವುದರಲ್ಲೂ ಇರಲಿಲ್ಲ. ಕೊನೆಗೆ ನಮ್ಮ ಬೀದಿಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದ ಟೀಚರೊಬ್ಬರ ಮುಂದೆ ಕೂತು ಹಾಡನ್ನು ಕಲಿತೆ. ಸಭೆಯಲ್ಲಿ ಹಾಡುವ ಯೋಗ್ಯತೆ ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ. ಆದರೆ ಕೈಯಲ್ಲಿ ಮೂರು, ನಾಲ್ಕು ಎಂದು ಮಿಶ್ರಛಾಪು ಹಾಕುತ್ತ ಕಲಿತಾಗ ಒಂದು ತಿಳಿಯಿತು. ಆ ತಾಳದ ಒಡೆದ ನಡಿಗೆಯಲ್ಲಿ ನಿಲ್ಲುವುದಕ್ಕೆ ಜಾಗವಿದೆ. ಹೆಸರು ಹಿಡಿದು ಕರೆದರೆ ಕರೆ ಅಲ್ಲಿಗೇ ಪೂರ್ತಿಯಾಗುತ್ತದೆ. ಬಾ ಎಂದು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಆಕೆ ಬಿಟ್ಟದ್ದು ರಚನೆಯೊಳಗೇ ಇದ್ದ ಒಂದು ಅವಕಾಶವನ್ನು ಕಂಡುಕೊಂಡು. ನನಗೆ ಒಲಿದದ್ದು ಹಾಡೋ, ಆ ತೀರ್ಮಾನವೋ ಎಂದರೆ ಎರಡನ್ನೂ ಬಿಡಿಸಲಾರೆ. ವ್ಯಾಸರಾಯರು ಇಟ್ಟ ಜಾಗದಲ್ಲಿ ಆಕೆ ನಿಂತರು.

ಆ ‘ಆಹಾ’ದ ಬಗ್ಗೆ ಇನ್ನೊಂದು ಮಾತು. ಜ್ಯೂರಿಕ್ ವಿಶ್ವವಿದ್ಯಾಲಯದ ಸಂಶೋಧಕರು 2024ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಪಿಯಾನೊ ವಾದಕರು ನುಡಿಸುತ್ತಿರುವಾಗ ಕೇಳುಗರ ಮಿದುಳಿನ ಭಾವಕೇಂದ್ರದ ಏರಿಳಿತವನ್ನು ಅವರಿಗೆ ತೋರಿಸಲಾಯಿತು. ಅದನ್ನು ನೋಡಿಕೊಂಡು ಅವರು ವಾದನವನ್ನು ತಿದ್ದಿಕೊಳ್ಳುತ್ತ ಹೋದರು. ಧ್ವನಿಮುದ್ರಿತ ಸಂಗೀತಕ್ಕಿಂತ ಹೀಗೆ ಎದುರಿನಲ್ಲಿ ನುಡಿಸಿದ ಸಂಗೀತಕ್ಕೆ ಕೇಳುಗರ ಸ್ಪಂದನ ಹೆಚ್ಚಾಗಿತ್ತು. ನಮ್ಮಲ್ಲಿ ಈ ಯಂತ್ರದ ಕೆಲಸವನ್ನು ಮೊದಲ ಎರಡು ಸಾಲಿನ ರಸಿಕರು ತಲೆಮಾರುಗಳಿಂದ ಮಾಡಿಕೊಂಡು ಬಂದಿದ್ದಾರೆ. ತಲೆದೂಗುವುದು, ಭೇಷ್ ಎನ್ನುವುದು, ಸಮಕ್ಕೆ ಸರಿಯಾಗಿ ಕೈ ಬೀಳುವುದು, ಇವೆಲ್ಲ ಹಾಡುವವರಿಗೆ ಹೋಗುವ ಸುದ್ದಿ. ಆ ಹಿರಿಯರು ಅಂದು ಸುಮ್ಮನಿದ್ದಿದ್ದರೆ ನಾನು ಇಂದು ಈ ಉಪನ್ಯಾಸ ಕೊಡುತ್ತಿರಲಿಲ್ಲವೇನೋ.

6

ಈ ಮಾತು ಶಾಸ್ತ್ರೀಯ ಸಂಗೀತಕ್ಕಷ್ಟೇ ಸಲ್ಲುವಂಥದಲ್ಲ. ಕನ್ನಡದಲ್ಲಿ ಸುಗಮ ಸಂಗೀತದ ಇತಿಹಾಸವೆಂದರೆ ಪಠ್ಯಪುಸ್ತಕದಲ್ಲಿ ಬಾಯಿಪಾಠ ಮಾಡಿ ಮರೆತಿದ್ದ ಪದ್ಯಗಳು ವೇದಿಕೆಯ ಮೇಲೆ ಮತ್ತೆ ಸಿಕ್ಕ ಇತಿಹಾಸ. ಪಿ. ಕಾಳಿಂಗರಾಯರು ಮೋಹನ್‌ಕುಮಾರಿ, ಸೋಹನ್‌ಕುಮಾರಿಯರೊಡನೆ ಊರೂರಿಗೆ ಹೋಗಿ ಹಾಡಿದಾಗ, ಆಮೇಲೆ ಮೈಸೂರು ಅನಂತಸ್ವಾಮಿಯವರು ಹಾಡಿದಾಗ, ಕವಿಗಳ ಹೆಸರೂ ಕೇಳಿರದವರು ಕವಿತೆಯನ್ನು ಬಾಯಲ್ಲಿಟ್ಟುಕೊಂಡು ಮನೆಗೆ ಹೋದರು. ಸಿ. ಅಶ್ವತ್ಥ್ ಅವರ ಕಂಠದಲ್ಲಿ ಶಿಶುನಾಳ ಶರೀಫರ ಪದಗಳು ನಾಡಿನ ಮೂಲೆಮೂಲೆಗೆ ಹೋದವು. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅವರ ‘ಕನ್ನಡವೇ ಸತ್ಯ’ ಕಾರ್ಯಕ್ರಮಕ್ಕೆ ಸೇರಿದ ಜನಸಾಗರವನ್ನು ಕಂಡವರು ಇಲ್ಲಿಯೂ ಇದ್ದೀರಿ. ಅಲ್ಲಿ ಹಾಡು ಒಬ್ಬೊಬ್ಬರಿಗೆ ಒಲಿಯುವುದಿಲ್ಲ, ಎಲ್ಲರೂ ಒಟ್ಟಿಗೆ ಹಾಡುವಾಗ ಪಕ್ಕದವನ ದನಿಯಿಂದ ನಮಗೆ ಹತ್ತಿಕೊಳ್ಳುತ್ತದೆ.

ಆದರೆ ಒಲಿದ ಹಾಡಿಗೂ ಒಂದು ಅಪಾಯವಿದೆ. ಮುಂದಿನ ಕಚೇರಿಗೆ ನಾವು ಅದೊಂದಕ್ಕಾಗಿಯೇ ಹೋಗುತ್ತೇವೆ. ಚೀಟಿ ಕಳಿಸುತ್ತೇವೆ. ಮೃದಂಗದವರು ತನಿ ನುಡಿಸುವಾಗ ಕೈಯಿಂದ ಕೈಗೆ ಚೀಟಿ ಸಾಗುವ ದೃಶ್ಯ ನಿಮಗೆಲ್ಲ ಗೊತ್ತು. ಪುಣೆಯ ಮರಾಠಿ ರಸಿಕರೂ ಭೀಮಸೇನರಿಂದ ಪುರಂದರದಾಸರ ಲಕ್ಷ್ಮಿಯ ಪದವನ್ನು ಬಯಸಿ ಕೇಳಿದವರೇ. ಚೀಟಿ ತಪ್ಪೆಂದು ನಾನು ಹೇಳುವುದಿಲ್ಲ. ಅದು ಪ್ರೀತಿಯ ಗುರುತು. ಆದರೆ ಚೀಟಿಗಳೇ ಕಚೇರಿಯನ್ನು ನಡೆಸತೊಡಗಿದರೆ ಹಾಡುವವರು ತಮ್ಮದೇ ನಾಲ್ಕೈದು ಹಾಡುಗಳ ಸೆರೆಯಾಳಾಗುತ್ತಾರೆ. ಕೇಳುವವರಿಗೆ ಹಳೆಯ ಪ್ರೀತಿ ನವೀಕರಣವಾಗುತ್ತದೆ, ಹೊಸದು ಹುಟ್ಟುವುದಿಲ್ಲ. ಈಗ ಜೇಬಿನ ಮೊಬೈಲು ಚೀಟಿಗಿಂತ ವೇಗವಾಗಿ ಬೇಕಾದ್ದನ್ನು ಕೇಳಿಸುತ್ತದೆ. ಇಷ್ಟಪಟ್ಟದ್ದರ ಹಾಗೆಯೇ ಇರುವ ಇನ್ನೊಂದನ್ನು ತಾನೇ ಹುಡುಕಿಕೊಡುತ್ತದೆ. ದಿನವಿಡೀ ನಮ್ಮ ರುಚಿಯನ್ನೇ ನಮಗೆ ಬಡಿಸುವ ಕಾಲದಲ್ಲಿ, ಇನ್ನೊಬ್ಬರು ಆರಿಸಿದ್ದಕ್ಕೆ ಎರಡೂವರೆ ಗಂಟೆ ಕಿವಿ ಒಪ್ಪಿಸಿ ಕೂರುವ ಜಾಗ ಕಚೇರಿಯೊಂದೇ ಉಳಿದಿದೆ.

7

ದತ್ತಿ ಉಪನ್ಯಾಸವಾದ್ದರಿಂದ ದತ್ತಿಯ ವಿಚಾರಕ್ಕೆ ಸಂಬಂಧಿಸಿದ ಮೂರು ಸಲಹೆಗಳೊಂದಿಗೆ ಮುಗಿಸುತ್ತೇನೆ.

ಮೊದಲನೆಯದು ವ್ಯವಸ್ಥಾಪಕರಿಗೆ. ಈ ದತ್ತಿಯ ಹೆಸರಿನಲ್ಲಿ ನಡೆಯುವ ಪ್ರತಿ ಕಚೇರಿಯಲ್ಲೂ, ಈ ವೇದಿಕೆಯ ಮೇಲೆ ಕಳೆದ ಹತ್ತು ವರ್ಷಗಳಲ್ಲಿ ಯಾರೂ ಹಾಡದ ಒಂದು ರಚನೆಯನ್ನು ಹಾಡಿ ಎಂದು ಕಲಾವಿದರನ್ನು ಕೋರಿ. ಯಾವುದೆಂದು ಅವರೇ ಆರಿಸಲಿ. ಅದನ್ನು ಮುಂಚೆ ಪ್ರಕಟಿಸುವುದು ಬೇಡ. ಹಾಡಿದ ಮೇಲೆ ರಾಗ, ತಾಳ, ರಚಿಸಿದವರ ಹೆಸರು ಹೇಳಿ, ಬಾಗಿಲಲ್ಲಿ ಸಾಹಿತ್ಯದ ಒಂದು ಹಾಳೆ ಕೊಡಿ. ಮನಸ್ಸು ಸೋತವರಿಗೆ ಹಿಡಿದುಕೊಳ್ಳಲು ಏನಾದರೂ ಇರಬೇಕು.

ಎರಡನೆಯದು ಕೇಳುಗರಿಗೆ. ಮೊಬೈಲು ಎತ್ತಿ ಹಾಡನ್ನು ಹಿಡಿಯಲು ಹೊರಟರೆ ಹಾಡುವವರಿಗೆ ನಮ್ಮ ಮುಖ ಕಾಣುವುದಿಲ್ಲ. ಕಾಣದಿದ್ದರೆ ಅವರಿಗೆ ಹೋಗಬೇಕಾದ ಸುದ್ದಿ ಹೋಗುವುದಿಲ್ಲ. ಮುಖ ಕಾಣುವಂತೆ ಕೂತುಕೊಳ್ಳೋಣ, ಮೆಚ್ಚಿದ್ದನ್ನು ಮೆಚ್ಚಿದ ಗಳಿಗೆಯಲ್ಲೇ ತಿಳಿಸೋಣ.

ಮೂರನೆಯದು ಎಲ್ಲರಿಗೂ. ಒಲಿದ ಹಾಡನ್ನು ಮುದ್ರಿಕೆಯಲ್ಲಿ ಹುಡುಕುವ ಬದಲು ಕಲಿಯಿರಿ. ಗಂಟಲು ಹೇಗಿದ್ದರೂ ಪರವಾಗಿಲ್ಲ, ವಯಸ್ಸು ಎಷ್ಟಾದರೂ ಪರವಾಗಿಲ್ಲ. ಹಾಡಲು ಕೂತಾಗಲೇ ಅದರಲ್ಲಿ ಎಲ್ಲಿ ಜಾಗವಿದೆ, ಯಾರು ಎಲ್ಲಿ ನಿಂತರು ಎಂದು ತಿಳಿಯುವುದು. ತಿಳಿದ ಮೇಲೆ ಬೆರಗು ಕಡಿಮೆಯಾಗುತ್ತದೆಂಬ ಹೆದರಿಕೆ ಬೇಡ. ನನ್ನ ಅನುಭವದಲ್ಲಿ ಅದು ಹೆಚ್ಚಾಯಿತು.

ಇಷ್ಟನ್ನು ಮಾಡಿದರೆ ಮುಂದಿನ ವರ್ಷ ಈ ಸಭಾಂಗಣದಿಂದ ಹೊರಡುವವರಲ್ಲಿ ಒಬ್ಬಿಬ್ಬರಾದರೂ ತಾವು ಬಯಸಿ ಬಂದದ್ದನ್ನು ಬಿಟ್ಟು ಬೇರೆಯದೇ ಒಂದು ಹಾಡನ್ನು ಹೊತ್ತುಕೊಂಡು ಹೋಗುತ್ತಾರೆ. ದತ್ತಿ ಇಟ್ಟವರ ಹಣ ಸಾರ್ಥಕವಾಗಲು ಅಷ್ಟು ಸಾಕು.